ಮನೆಗೊಂದು ಕ್ಲಾಂಪ್ ಮೀಟರ್: ಸಕಲೇಶಪುರ ಕಡೆಯ ಲೋ ವೋಲ್ಟೇಜ್ ಮನೆಯಿಂದ ರಿವ್ಯೂ

ಮೊದಲೇ ಹೇಳಿಬಿಡ್ತೀನಿ, ಎರಡು ಸಾವಿರ ರೂಪಾಯಿ ಒಳಗೆ ನಮ್ಮ ಮನೆಗೆ ಬಂದ ಸಾಮಾನುಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಡಬ್ಬಿ ಮೇಲೆ ಡಿಜಿಟಲ್ ಕ್ಲಾಂಪ್ ಮೀಟರ್ ಅಂತ ಇರುತ್ತದೆ, ಎಲೆಕ್ಟ್ರಿಷಿಯನ್‌ಗಳು ಟಾಂಗ್ ಟೆಸ್ಟರ್ ಅಂತಾರೆ. ವೈರ್ ಕತ್ತರಿಸೋದು ಬೇಡ, ಬಿಚ್ಚೋದು ಬೇಡ. ಇದರ ಬಾಯಿ ತೆಗೆದು ವೈರಿನ ಸುತ್ತ ಹಾಕಿದರೆ ಎಷ್ಟು ಆಂಪ್ ಹರಿಯುತ್ತಿದೆ ಅಂತ ತೋರಿಸುತ್ತದೆ. ಜೊತೆಗೆ ಬರುವ ಕೆಂಪು, ಕಪ್ಪು ಪ್ರೋಬ್ ಇಟ್ಟರೆ ವೋಲ್ಟ್ ತೋರಿಸುತ್ತದೆ. ಈ ಎರಡು ಸಂಖ್ಯೆ ಸಿಕ್ಕಿದರೆ ಉಳಿದದ್ದು ಲೆಕ್ಕ ಅಷ್ಟೇ. ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ರೋಧ, ಓಮ್‌ನಲ್ಲಿ. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ಪವರ್, ವಾಟ್‌ನಲ್ಲಿ. ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇ, ಆದರೆ ಸ್ವಂತ ಮನೆಯ ಗೀಸರಿಗೆ, ಪಂಪಿಗೆ ಹಾಕಿ ನೋಡಿದವರು ಎಷ್ಟು ಜನ ಇದ್ದಾರೆ ಹೇಳಿ?

ಬ್ರಾಂಡ್ ಹೆಸರು ಬರೆಯೋದಿಲ್ಲ. ಈ ಬೆಲೆಯಲ್ಲಿ ಹೆಚ್ಚುಕಡಿಮೆ ಒಂದೇ ಥರದ ಮೀಟರ್ ನಾಲ್ಕೈದು ಹೆಸರಿನಲ್ಲಿ ಸಿಗುತ್ತದೆ, ಹಾಗಾಗಿ ಹೆಸರಿಗಿಂತ ಅದರಲ್ಲಿ ಏನಿರಬೇಕು ಅನ್ನೋದೇ ಮುಖ್ಯ. ನಾನು ತಗೊಂಡಿದ್ದು ಹಾಸನದಲ್ಲಿ, ಬಿ.ಎಂ. ರಸ್ತೆಯ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ. ಆನ್‌ಲೈನ್‌ನಲ್ಲಿ ನೂರಿನ್ನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತೇನೋ. ಆದರೆ ಆ ಅಂಗಡಿಯವರು ಮೂರು ಮೀಟರ್ ಹೊರಗೆ ತೆಗೆದು, ಒಂದು ಇಸ್ತ್ರಿ ಪೆಟ್ಟಿಗೆಗೆ ಕನೆಕ್ಷನ್ ಕೊಟ್ಟು, ಮೂರನ್ನೂ ಒಂದೇ ವೈರಿಗೆ ಹಾಕಿ ತೋರಿಸಿದರು. ಎರಡು ಒಂದೇ ರೀಡಿಂಗ್ ಕೊಟ್ಟವು, ಅತಿ ಅಗ್ಗದ್ದು ಬೇರೆ ಹೇಳಿತು. ಹೀಗೆ ಕೈಯಲ್ಲಿ ಹಿಡಿದು ನೋಡಿ ತಗೊಳ್ಳೋಕೆ ಬಿಡುವ ಅಂಗಡಿ ನಿಮ್ಮೂರಲ್ಲಿದ್ದರೆ ಅಲ್ಲೇ ಹೋಗಿ.

ನಮ್ಮ ಮನೆ ಸಕಲೇಶಪುರ ತಾಲ್ಲೂಕಿನ ಒಳಗೆ, ತೋಟದ ನಡುವೆ. ಟ್ರಾನ್ಸ್‌ಫಾರ್ಮರ್ ದೂರ, ನಾವು ಲೈನಿನ ಕೊನೆಯವರು. ಬೆಳಿಗ್ಗೆ 225 ವೋಲ್ಟ್ ಇದ್ದದ್ದು ಸಂಜೆ ಏಳರ ಹೊತ್ತಿಗೆ 180ರ ಹತ್ತಿರ ಬರುತ್ತದೆ. ನಮ್ಮ ದೇಶದಲ್ಲಿ ಮನೆಗೆ ಕೊಡಬೇಕಾದ ಲೆಕ್ಕದ ವೋಲ್ಟೇಜ್ 230. ಗೀಸರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಎಲ್ಲದರ ಮೇಲೆ ಬರೆದಿರುವ ವಾಟ್ ಕೂಡ ಸಾಮಾನ್ಯವಾಗಿ ಈ 230ರದ್ದೇ. ನಿಮ್ಮ ಮನೆಗೆ 230 ಬರದಿದ್ದರೆ ಆ ವಾಟ್ ಕೂಡ ಬರೋದಿಲ್ಲ. ಇದು ಬಾಯಿಮಾತಿಗೆ ಎಲ್ಲರಿಗೂ ಗೊತ್ತು, ಎಷ್ಟು ಕಡಿಮೆ ಅಂತ ಮಾತ್ರ ಯಾರಿಗೂ ಗೊತ್ತಿರೋದಿಲ್ಲ.

ಗೀಸರಿನಿಂದ ಶುರು ಮಾಡೋಣ, ಯಾಕಂದ್ರೆ ಅದರ ಲೆಕ್ಕ ಬಹಳ ಸ್ವಚ್ಛ. ನಮ್ಮದು 15 ಲೀಟರಿನದ್ದು, ಮೇಲೆ 2000 ವಾಟ್ ಅಂತ ಬರೆದಿದೆ. 230ನ್ನು 230ರಿಂದಲೇ ಗುಣಿಸಿ 2000ದಿಂದ ಭಾಗಿಸಿದರೆ 26.45 ಓಮ್. ಇದು ಒಳಗಿನ ಕಾಯಿಲಿಗೆ ಇರಬೇಕಾದ ರೋಧ. ಪ್ಲಗ್ ಕಿತ್ತು ಹೊರಗಿಟ್ಟು, ಗೀಸರಿನ ಸ್ವಿಚ್ ಆನ್ ಇಟ್ಟು, ಪ್ಲಗ್ಗಿನ ಎರಡು ಪಿನ್ನಿಗೆ ಮೀಟರಿನ ಓಮ್ ಮೋಡ್‌ನಲ್ಲಿ ಪ್ರೋಬ್ ಇಟ್ಟೆ, 26.5 ತೋರಿಸಿತು. ಆಮೇಲೆ ಪ್ಲಗ್ ಹಾಕಿ ಓಡಿಸಿ ನೋಡಿದಾಗ 212 ವೋಲ್ಟ್, 8.0 ಆಂಪ್. ಭಾಗಿಸಿದರೆ ಮತ್ತೆ ಅದೇ 26.5! ಕಾಯಿಲ್ ನಿಕ್ರೋಮ್ ತಂತಿಯದ್ದು, ಬಿಸಿಯಾದರೂ ರೋಧ ಹೆಚ್ಚೇನೂ ಬದಲಾಗೋದಿಲ್ಲ. ಗುಣಿಸಿದರೆ 1696 ವಾಟ್. 2000 ಅಂತ ಬರೆದಿದ್ದರೂ ನಮಗೆ ಸಿಗುತ್ತಿರುವುದು ಇಷ್ಟು. ಸಂಜೆ 182 ವೋಲ್ಟ್ ಇದ್ದಾಗ 6.9 ಆಂಪ್, ಅಂದರೆ 1250 ವಾಟ್ ಆಸುಪಾಸು. ವೋಲ್ಟೇಜ್ ಐದರಲ್ಲಿ ಒಂದು ಪಾಲು ಇಳಿದರೆ ಪವರ್ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿಯುತ್ತದೆ. ಯಾಕಂದ್ರೆ ವೋಲ್ಟ್ ಕಮ್ಮಿಯಾದ ಹಾಗೆ ಆಂಪ್ ಕೂಡ ಕಮ್ಮಿಯಾಗುತ್ತದೆ, ಎರಡು ಕಡೆಯಿಂದಲೂ ಪೆಟ್ಟು.

15 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು 18.8 ಲಕ್ಷ ಜೂಲ್ ಬೇಕು. 2000 ವಾಟ್ ಇದ್ದರೆ 16 ನಿಮಿಷ, 1250 ವಾಟ್ ಆದರೆ 25 ನಿಮಿಷ. ಅಮ್ಮ ಮೊದಲಿಂದ ಹೇಳುತ್ತಿದ್ದರು, "ಈ ಗೀಸರ್ ಹಾಳಾಗಿದೆ ಕಣೋ, ಸಂಜೆ ಹೊತ್ತು ಕಾಯೋದೇ ಇಲ್ಲ, ಹಂಡೆಗೇ ಉರಿ ಹಾಕ್ತೀನಿ" ಅಂತ. ಗೀಸರಿಗೆ ಏನೂ ಆಗಿಲ್ಲ. ರೋಧ ಸರಿಯಾಗಿದೆ, ಕಾಯಿಲ್ ಚೆನ್ನಾಗಿದೆ. ಮೀಟರ್ ಇಲ್ಲದಿದ್ದರೆ ಸುಮ್ನೆ ಹೊಸ ಕಾಯಿಲ್ ಹಾಕಿಸುತ್ತಿದ್ದೆವು, ಅದೂ ಅಷ್ಟೇ ನಿಧಾನವಾಗಿ ಕಾಯುತ್ತಿತ್ತು.

ಇದಕ್ಕೆ ಸೇರಿದ ಇನ್ನೊಂದು ಮಾತು. ವೋಲ್ಟೇಜ್ ಕಮ್ಮಿ ಇದ್ದಾಗ ಗೀಸರ್ ಹಾಕಿದರೆ ಬಿಲ್ ಕಮ್ಮಿ ಬರುತ್ತೆ ಅಂತ ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಇಲ್ಲ. 18.8 ಲಕ್ಷ ಜೂಲ್ ಅಂದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ನೀವು 16 ನಿಮಿಷದಲ್ಲಿ ಕೊಡಿ, 25 ನಿಮಿಷದಲ್ಲಿ ಕೊಡಿ, ನೀರಿಗೆ ಬೇಕಾದ್ದು ಅಷ್ಟೇ. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟುತ್ತೇವೋ ಇಲ್ಲವೋ ಅಂತ ತಿಂಗಳ ಕೊನೆಗೆ ತಲೆ ಕೆಡಿಸಿಕೊಳ್ಳುವವರು ಗೀಸರ್ ಎಷ್ಟು ಹೊತ್ತು ಉರಿಯಿತು ಅಂತ ನೋಡೋದಕ್ಕಿಂತ ಎಷ್ಟು ಬಕೆಟ್ ನೀರು ಕಾಯಿಸಿದೆವು ಅಂತ ನೋಡಿದರೆ ಲೆಕ್ಕ ಸರಿಯಾಗಿ ಸಿಗುತ್ತದೆ.

ಈಗ ಪಂಪಿನ ವಿಷಯ. ಈ ಮೀಟರ್ ತಗೊಂಡಿದ್ದೇ ಅದಕ್ಕೆ. ಬಾವಿಯಿಂದ ಮನೆಯ ಟ್ಯಾಂಕಿಗೆ ನೀರೆತ್ತುವ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. ಬಾವಿ ಮನೆಯಿಂದ ಸುಮಾರು 100 ಮೀಟರ್ ಕೆಳಗೆ, ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಳೆದಿದೆ. ಬೇಸಿಗೆ ಸಂಜೆ ಸ್ವಿಚ್ ಹಾಕಿದರೆ ಮೋಟಾರ್ ಗುಂಯ್ ಅಂತ ಕೂಗುತ್ತದೆ, ತಿರುಗೋದಿಲ್ಲ. ಕೆಪಾಸಿಟರ್ ಬದಲಾಯಿಸಿ ನೋಡಿಯಾಯಿತು, ಒಂದು ಸಲ ರಿವೈಂಡಿಂಗ್ ಕೂಡ ಆಯಿತು, ಆದರೂ ಅದೇ ಕಥೆ.

ಬೆಳಿಗ್ಗೆ ಮೋಟಾರ್ ಓಡುತ್ತಿರುವಾಗ ಮನೆಯ ಬೋರ್ಡಿನಲ್ಲಿ 225 ವೋಲ್ಟ್, ಬಾವಿ ಹತ್ತಿರದ ಸ್ಟಾರ್ಟರಿನಲ್ಲಿ 215 ವೋಲ್ಟ್. ಕೇಬಲಿನಲ್ಲಿ 6.2 ಆಂಪ್. ಹತ್ತು ವೋಲ್ಟ್ ದಾರಿಯಲ್ಲೇ ಹೋಯಿತು. ಹತ್ತನ್ನು 6.2ರಿಂದ ಭಾಗಿಸಿದರೆ 1.6 ಓಮ್, ಇದು ಕೇಬಲಿನ ರೋಧ. ಪುಸ್ತಕದ ಲೆಕ್ಕಕ್ಕೂ ಇದು ಸರಿ ಹೊಂದುತ್ತದೆ. ಎರಡೂವರೆ ಸ್ಕ್ವೇರ್‌ನ ಫ್ಲೆಕ್ಸಿಬಲ್ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 8 ಓಮ್, ನಮ್ಮದು ಹೋಗಿ ಬರೋದು ಸೇರಿ 200 ಮೀಟರ್. ಹತ್ತು ವೋಲ್ಟ್ ಗುಣಿಸು 6.2, ಅಂದರೆ 62 ವಾಟ್ ಮಣ್ಣಿನಡಿಯ ಕೇಬಲನ್ನು ಬಿಸಿ ಮಾಡೋಕೆ ಹೋಗುತ್ತಿದೆ. ಓಡುವಾಗ ಇದು ದೊಡ್ಡ ವಿಷಯವೇನಲ್ಲ. ತೊಂದರೆ ಇರೋದು ಸ್ಟಾರ್ಟ್ ಆಗುವಾಗ. ಮೋಟಾರ್ ನಿಂತಲ್ಲಿಂದ ಎದ್ದೇಳುವ ಆ ಒಂದು ಕ್ಷಣ ಓಡುವಾಗಿನದಕ್ಕಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಮೀಟರಿನ ಮ್ಯಾಕ್ಸ್ ಬಟನ್ ಒತ್ತಿ ನೋಡಿದಾಗ 24 ಆಂಪ್ ತನಕ ಕಂಡಿತು, ನಿಜವಾದ ಏರಿಕೆ ಇದಕ್ಕಿಂತ ಜಾಸ್ತಿನೇ ಇರುತ್ತದೆ, ಈ ಬೆಲೆಯ ಮೀಟರ್ ಅಷ್ಟು ವೇಗವಾಗಿ ಹಿಡಿಯೋದಿಲ್ಲ. ಆ 24ನ್ನೇ ತಗೊಂಡರೂ, 1.6 ಓಮ್‌ನಿಂದ ಗುಣಿಸಿದರೆ 38 ವೋಲ್ಟ್ ಕೇಬಲ್ಲಲ್ಲೇ ಹೋಯಿತು. ಸಂಜೆ ಬೋರ್ಡಿಗೆ ಬರುವುದೇ 182. ಮೋಟಾರಿಗೆ ಮುಟ್ಟುವುದು 145ರ ಹತ್ತಿರ. ಪಾಪ, ಅದು ಹೇಗೆ ತಿರುಗಬೇಕು?

ನಾಲ್ಕು ಸ್ಕ್ವೇರ್ ಕೇಬಲ್ ಹಾಕಿದರೆ ಅದೇ ದೂರಕ್ಕೆ ರೋಧ ಒಂದು ಓಮ್‌ಗೆ ಇಳಿಯುತ್ತದೆ, ಸ್ಟಾರ್ಟಿಂಗ್‌ನಲ್ಲಿ ಹದಿನಾಲ್ಕು ವೋಲ್ಟ್ ಉಳಿಯುತ್ತದೆ. ಹೊಸ ಮೋಟಾರ್ ತಗೊಳ್ಳಿ ಅಂದವರೇ ಎಲ್ಲರೂ, ಕೇಬಲ್ ನೋಡಿ ಅಂದವರು ಒಬ್ಬರೂ ಇಲ್ಲ. ತೋಟದ ಕಡೆ ಉದ್ದಕ್ಕೆ ಕೇಬಲ್ ಎಳೆದು ಪಂಪ್ ಓಡಿಸುವವರು ದಯವಿಟ್ಟು ಈ ಎರಡು ಕಡೆಯ ವೋಲ್ಟೇಜ್ ಒಮ್ಮೆ ಅಳೆದು ನೋಡಿ.

ಲೋ ವೋಲ್ಟೇಜಿನಲ್ಲಿ ಗೀಸರಿಗೂ ಮೋಟಾರಿಗೂ ಇರುವ ವ್ಯತ್ಯಾಸ ಈ ಮೀಟರ್ ಹಿಡಿದರೆ ಕಣ್ಣಿಗೇ ಕಾಣುತ್ತದೆ. ಗೀಸರಿನ ಆಂಪ್ ಇಳಿಯುತ್ತದೆ, ಮೋಟಾರಿನ ಆಂಪ್ ಏರುತ್ತದೆ! ನೀರು ಎತ್ತುವ ಹೊರೆ ಹಾಗೇ ಇರುತ್ತದೆ, ವೋಲ್ಟ್ ಕಮ್ಮಿ ಸಿಕ್ಕಿದರೆ ಅದು ಕರೆಂಟ್ ಜಾಸ್ತಿ ಎಳೆದು ಸರಿದೂಗಿಸುತ್ತದೆ. ನಮ್ಮದು ಬೆಳಿಗ್ಗೆ 6.2, ಮಧ್ಯಾಹ್ನ ಸ್ಟಾರ್ಟ್ ಆಗಿ ಓಡುತ್ತಿದ್ದಾಗಲೇ ಸಂಜೆಯಾಗಿ ವೋಲ್ಟೇಜ್ ಬಿದ್ದರೆ 7.3. ಒಂದು ಆಂಪ್ ತಾನೆ ಅಂತ ಬಿಡಬೇಡಿ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, 7.3ರ ವರ್ಗವನ್ನು 6.2ರ ವರ್ಗದಿಂದ ಭಾಗಿಸಿ ನೋಡಿ, ವೈಂಡಿಂಗಿನ ಬಿಸಿ ಸುಮಾರು 40% ಜಾಸ್ತಿ. ನಮ್ಮ ಕಡೆ ವೈಂಡಿಂಗ್ ಯಾಕೆ ಅಷ್ಟು ಸುಡುತ್ತವೆ ಅನ್ನೋದಕ್ಕೆ ಇದೊಂದು ದೊಡ್ಡ ಕಾರಣ. ಈಗ ಸಂಜೆ ಪಂಪ್ ಹಾಕೋದನ್ನೇ ನಿಲ್ಲಿಸಿದ್ದೇವೆ, ಬೆಳಿಗ್ಗೆ ತಿಂಡಿಗೆ ಮುಂಚೆ ಟ್ಯಾಂಕ್ ತುಂಬಿಸಿಬಿಡುತ್ತೇವೆ.

ಅಣ್ಣನ ಮಗಳು ಹತ್ತನೇ ಕ್ಲಾಸು. ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡುತ್ತಿದ್ದವಳು ಕೇಳಿದಳು, "ಚಿಕ್ಕಪ್ಪ, ಗೀಸರಿಗೆ ಮಾಡಿದ ಹಾಗೆ ಮೋಟಾರಿಗೂ ಓಮ್ ನೋಡಿ ವಾಟ್ ಲೆಕ್ಕ ಹಾಕಬಹುದಲ್ವಾ?" ಒಳ್ಳೆ ಪ್ರಶ್ನೆ. ಕರೆಂಟ್ ತೆಗೆದು ಮೋಟಾರಿನ ರನ್ನಿಂಗ್ ವೈಂಡಿಂಗ್ ಅಳೆದರೆ ನಾಲ್ಕು ಓಮ್. 225 ಗುಣಿಸು 225, ಭಾಗಿಸು ನಾಲ್ಕು, 12 ಸಾವಿರ ವಾಟ್ ದಾಟುತ್ತದೆ! ಒಂದು ಎಚ್‌ಪಿ ಅಂದರೆ 746 ವಾಟ್, ಎಲ್ಲಿಂದೆಲ್ಲಿಗೆ. ಮೋಟಾರಿನಲ್ಲಿ ಕರೆಂಟನ್ನು ತಡೆಯುವುದು ತಂತಿಯ ರೋಧ ಒಂದೇ ಅಲ್ಲ, ಸುರುಳಿಯ ಕಾಂತಶಕ್ತಿಯೂ ತಡೆಯುತ್ತದೆ, ತಿರುಗುತ್ತಿರುವ ರೋಟರೂ ಎದುರು ಒತ್ತುತ್ತದೆ. ಅದಕ್ಕೇ ತಿರುಗದೆ ನಿಂತ ಮೋಟಾರ್ ಅಷ್ಟು ಕರೆಂಟ್ ಎಳೆದು ಸುಡೋದು.

ಇನ್ನೂ ಒಂದಿದೆ. ಓಡುತ್ತಿರುವ ಮೋಟಾರಿನ ವೋಲ್ಟ್, ಆಂಪ್ ಗುಣಿಸಿದರೂ ಬರುವುದು ನಿಜವಾದ ವಾಟ್ ಅಲ್ಲ. 225 ಗುಣಿಸು 6.2 ಅಂದರೆ 1395, ಆದರೆ ಇದು ವೋಲ್ಟ್ ಆಂಪಿಯರ್. ಎಸಿಯಲ್ಲಿ ವೋಲ್ಟ್ ಮತ್ತು ಕರೆಂಟ್ ಒಂದೇ ಹೊತ್ತಿಗೆ ಏರಿಳಿಯದಿದ್ದರೆ ಅದರಲ್ಲಿ ಸ್ವಲ್ಪ ಭಾಗ ಕೆಲಸ ಮಾಡದೆ ಹಿಂದೆ ಮುಂದೆ ಓಡಾಡುತ್ತದೆ, ಉಳಿದು ನಿಜವಾಗಿ ಕೆಲಸ ಮಾಡುವ ಪಾಲಿಗೇ ಪವರ್ ಫ್ಯಾಕ್ಟರ್ ಅನ್ನೋದು. ಈ ಕ್ಲಾಂಪ್ ಮೀಟರಿಗೆ ಅದನ್ನು ಅಳೆಯೋಕೆ ಬರೋದಿಲ್ಲ. ಹಾಗಂತ ದುಬಾರಿ ಮೀಟರ್ ತರಬೇಕಿಲ್ಲ, ಮನೆಯ ಗೋಡೆ ಮೇಲೆ ಒಂದು ಇದೆಯಲ್ಲ! ಕರೆಂಟ್ ಮೀಟರಿನಲ್ಲಿ ಮಿನುಗುವ ಸಣ್ಣ ಕೆಂಪು ದೀಪದ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ, ನಮ್ಮದರಲ್ಲಿ 3200. ಮನೆಯ ಬೇರೆಲ್ಲ ಆಫ್ ಮಾಡಿ ಪಂಪ್ ಒಂದೇ ಓಡಿಸಿ, ಒಂದು ನಿಮಿಷದಲ್ಲಿ ಎಷ್ಟು ಸಲ ಮಿನುಗಿತು ಅಂತ ಅವಳೇ ಎಣಿಸಿದಳು, 63. ಅರವತ್ತರಿಂದ ಗುಣಿಸಿ 3200ರಿಂದ ಭಾಗಿಸಿದರೆ 1.18, ಅಂದರೆ 1180 ವಾಟ್. 1395ರಲ್ಲಿ 1180 ನಿಜವಾದದ್ದು, ಪವರ್ ಫ್ಯಾಕ್ಟರ್ 0.85. ಅದೂ ಎರಡು ಅಗ್ಗದ ಸಾಧನ ಮತ್ತು ಒಂದು ಪೆನ್ಸಿಲ್ಲಿನಿಂದ.

ಮನೇಲಿ ಮಕ್ಕಳಿದ್ದರೆ ಹಳೇ ತಂತಿ ಬಲ್ಬಿನ ಪ್ರಯೋಗ ಮಾಡಿಸಿ. ಕೋಳಿಮರಿಗೆ ಕಾವು ಕೊಡೋಕೆ ಇಟ್ಟ 100 ವಾಟಿನದ್ದೊಂದು ನಮ್ಮಲ್ಲಿ ಇನ್ನೂ ಇದೆ. ಹೋಲ್ಡರಿನಿಂದ ತೆಗೆದು ತಣ್ಣಗಿರುವಾಗ ಅಳೆದರೆ 39 ಓಮ್. ಆ ಲೆಕ್ಕದಲ್ಲಿ ಅದು 1300 ವಾಟ್ ದಾಟಬೇಕು. ಉರಿಯುವಾಗ 215 ವೋಲ್ಟ್, 0.42 ಆಂಪ್, ಭಾಗಿಸಿದರೆ 512 ಓಮ್, ಗುಣಿಸಿದರೆ 90 ವಾಟ್. ಒಳಗಿನ ಟಂಗ್‌ಸ್ಟನ್ ತಂತಿ 2500 ಡಿಗ್ರಿ ಹತ್ತಿರ ಕಾಯುತ್ತದೆ, ಅಷ್ಟು ಬಿಸಿಗೆ ರೋಧ ಹತ್ತು ಪಟ್ಟಿಗೂ ಜಾಸ್ತಿ ಏರುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲೇ ಈ ಬಲ್ಬುಗಳು ಟಪ್ ಅಂತ ಹೋಗುತ್ತಿದ್ದುದು ಯಾಕೆ ಅಂತ ಅಣ್ಣನ ಮಗಳಿಗೆ ಹೇಳಿಕೊಡಬೇಕಾಗಲಿಲ್ಲ, ಅವಳೇ ಹೇಳಿದಳು. ರೋಧದ ಅಳತೆಗೆ ಯಾರ ಹೆಸರಿಟ್ಟಿದೆಯೋ ಆ ವಿಜ್ಞಾನಿ ಓಮ್ ಕೂಡ ಜರ್ಮನಿಯ ಕಲೋನಿನಲ್ಲಿ ಶಾಲೆ ಮೇಷ್ಟ್ರಾಗಿದ್ದವರು, ಬೇರೆ ಬೇರೆ ಉದ್ದದ ತಂತಿ ಇಟ್ಟು ಒಂದೊಂದಾಗಿ ಅಳೆದು 1827ರಲ್ಲಿ ನಿಯಮ ಪ್ರಕಟಿಸಿದರು. ಅಳೆದು ಕಂಡುಕೊಂಡದ್ದನ್ನು ಅಳೆದೇ ಕಲಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಹೈಸ್ಕೂಲುಗಳಲ್ಲಿ ಇಂಥದ್ದೊಂದು ಮೀಟರ್ ಕ್ಲಾಸಿಗೊಂದಾದರೂ ಇರಬೇಕು.

ಬಳಸುವ ರೀತಿ ಸ್ವಲ್ಪ ಹೇಳಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಾಯೊಳಗೆ ಹಾಕಿದರೆ ಸೊನ್ನೆ ತೋರಿಸುತ್ತದೆ, ಹೋಗುವುದೂ ಬರುವುದೂ ಒಂದನ್ನೊಂದು ಹೊಡೆದುಹಾಕುತ್ತವೆ. ಒಂದೇ ವೈರ್ ಸಿಗಬೇಕು. ನಾನು ಎಲೆಕ್ಟ್ರಿಷಿಯನ್ ಹತ್ತಿರ ಒಂದು ಗಿಡ್ಡ ಎಕ್ಸ್‌ಟೆನ್ಶನ್ ಮಾಡಿಸಿಕೊಂಡಿದ್ದೇನೆ, ಅದರಲ್ಲಿ ಮೂರು ವೈರೂ ಬೇರೆ ಬೇರೆ. ಅದರ ಫೇಸ್ ವೈರನ್ನು ಮೀಟರಿನ ಬಾಯಿಗೆ ಹತ್ತು ಸುತ್ತು ಸುತ್ತಿದರೆ ರೀಡಿಂಗ್ ಹತ್ತು ಪಟ್ಟು ಬರುತ್ತದೆ, ಎಲ್‌ಇಡಿ ಬಲ್ಬು, ಸೆಟ್ ಟಾಪ್ ಬಾಕ್ಸಿನಂಥ ಸಣ್ಣ ಲೋಡುಗಳನ್ನು ಹೀಗೇ ಅಳೆಯಬೇಕು, ಆಮೇಲೆ ಹತ್ತರಿಂದ ಭಾಗಿಸಿ.

ಆ ಸೊನ್ನೆಯಿಂದಲೂ ದೊಡ್ಡ ಉಪಯೋಗ ಇದೆ. ಎರಡೂ ವೈರ್ ಒಟ್ಟಿಗೆ ಹಾಕಿದಾಗ ಸೊನ್ನೆ ಬರದಿದ್ದರೆ ಕರೆಂಟ್ ಎಲ್ಲೋ ನೆಲಕ್ಕೆ ಸೋರುತ್ತಿದೆ ಅಂತ ಅರ್ಥ. ಜುಲೈ ಮಳೆಯಲ್ಲಿ ನಮ್ಮ ಹೊರಗಿನ ಬಚ್ಚಲುಮನೆಯ ಲೈನಿನಲ್ಲಿ 0.03 ತೋರಿಸಿತು. 220ನ್ನು 0.03ರಿಂದ ಭಾಗಿಸಿದರೆ ಸುಮಾರು 7300 ಓಮ್, ಅಷ್ಟು ರೋಧದ ಒಂದು ಕಳ್ಳದಾರಿ. ಹುಡುಕಿದರೆ ಹೆಂಚಿನ ಕೆಳಗಿನ ಜಂಕ್ಷನ್ ಬಾಕ್ಸ್ ತುಂಬಾ ಒದ್ದೆ, ಟೇಪ್ ಕಪ್ಪಾಗಿ ಪಾಚಿ ಹಿಡಿದಿತ್ತು. 0.03 ಆಂಪ್, ಅಂದರೆ 30 ಮಿಲಿ ಆಂಪ್, ಮನೆಗೆ ಹಾಕುವ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಲೈನ್ ಕಡಿದುಹಾಕುವ ಸ್ವಿಚ್) ಟ್ರಿಪ್ ಆಗಲೇಬೇಕಾದ ಮಟ್ಟ. ಹಳೇ ಮನೆಯ ಆ ಲೈನಿಗೆ ಆರ್‌ಸಿಸಿಬಿ ಇರಲಿಲ್ಲ, ಅದೇ ವಾರ ಹಾಕಿಸಿದೆವು. ಒದ್ದೆ ನೆಲ, ಬರಿಗಾಲು, ಮಳೆಗಾಲ, ಇದರಲ್ಲಿ ತಡ ಮಾಡಬಾರದು.

ಎಚ್ಚರಿಕೆ ಕೂಡ ಅಷ್ಟೇ ಮುಖ್ಯ. ಓಮ್ ಮೋಡ್‌ನಲ್ಲಿಟ್ಟು ಕರೆಂಟ್ ಇರುವ ಕಡೆ ಪ್ರೋಬ್ ಇಡಲೇಬೇಡಿ. ಮೀಟರ್ ಮೇಲೆ ಕ್ಯಾಟ್ 3, 600 ವೋಲ್ಟ್ ಅನ್ನೋ ಸುರಕ್ಷತೆಯ ಗುರುತು ಇದೆಯಾ ನೋಡಿ, ಇಲ್ಲದ್ದನ್ನು ಮನೆಯ ಬೋರ್ಡಿಗೆ ಮುಟ್ಟಿಸಬೇಡಿ. ಬೋರ್ಡ್ ಬಿಚ್ಚಿ ಅಳೆಯೋದು ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಸಿ, ಮಕ್ಕಳ ಕೈಗೆ ಕೊಡುವುದಾದರೆ ಪ್ಲಗ್ ಕಿತ್ತ ವಸ್ತುಗಳನ್ನು ಮಾತ್ರ ಅಳೆಯೋಕೆ ಕೊಡಿ.

ಇನ್ನು ಮೀಟರಿನ ಕೊರತೆಗಳು. ಪ್ರೋಬ್ ವೈರ್ ಬಿರುಸು, ಚಳಿಗಾಲದಲ್ಲಿ ಸುತ್ತಿಟ್ಟರೆ ಬಿಚ್ಚಿಕೊಳ್ಳೋದೇ ಇಲ್ಲ. ಡಿಸ್‌ಪ್ಲೇಯ ಬೆಳಕು ಬೇಗ ಆರಿಹೋಗುತ್ತದೆ, ಕತ್ತಲ ಪಂಪ್‌ಹೌಸಿನಲ್ಲಿ ಮತ್ತೆ ಮತ್ತೆ ಒತ್ತಬೇಕು. ಪುಸ್ತಿಕೆಯಲ್ಲಿ ಕನ್ನಡ ಇರಲಿ, ಸರಿಯಾದ ಇಂಗ್ಲಿಷ್ ಕೂಡ ಇಲ್ಲ. ಏನೂ ಹಾಕದೆ ಇದ್ದಾಗಲೂ ಒಮ್ಮೊಮ್ಮೆ 0.01 ಆಂಪ್ ತೋರಿಸುತ್ತದೆ, ಸಣ್ಣ ಕರೆಂಟ್ ಅಳೆಯುವಾಗ ಅದನ್ನು ಕಳೆಯಬೇಕು. ಇದ್ಯಾವುದೂ ತಗೊಳ್ಳಬೇಡಿ ಅನ್ನುವಷ್ಟು ದೊಡ್ಡದಲ್ಲ. ಆದರೆ 0.1 ಆಂಪ್ ಹೆಜ್ಜೆಯಲ್ಲಿ ಮಾತ್ರ ತೋರಿಸುವ ಮೀಟರ್ ತಗೊಳ್ಳಬೇಡಿ, ಮನೆಯ ಕೆಲಸಕ್ಕೆ 0.01 ತೋರಿಸುವುದೇ ಬೇಕು. ಟ್ರೂ ಆರ್‌ಎಂಎಸ್ (ಕರೆಂಟಿನ ಅಲೆ ಅಂಕುಡೊಂಕಾಗಿದ್ದರೂ ಸರಿಯಾಗಿ ಓದುವಂಥದ್ದು) ಅಂತಲೂ ಇರಲಿ, ಎಲ್‌ಇಡಿ, ಇನ್ವರ್ಟರ್ ಫ್ಯಾನ್‌ಗಳ ಕರೆಂಟನ್ನು ಸಾದಾ ಮೀಟರ್ ತಪ್ಪಾಗಿ ಓದುತ್ತದೆ.

ನಿಜವಾಗಿ ನನಗೆ ಬೇಸರ ಆಗಿರೋದು ಒಂದೇ, ಇದರ ಕ್ಲಾಂಪ್ ಡಿಸಿ ಕರೆಂಟ್ ಓದೋದಿಲ್ಲ. ಮಲೆನಾಡಿನಲ್ಲಿ ಯುಪಿಎಸ್ ಇಲ್ಲದ ಮನೆ ಕಡಿಮೆ. 12 ವೋಲ್ಟ್ ಬ್ಯಾಟರಿಯಿಂದ 400 ವಾಟ್ ಲೋಡ್ ಎಳೆದರೆ 33 ಆಂಪ್, ಇನ್ವರ್ಟರಿನ ನಷ್ಟ ಸೇರಿ 40ರ ಹತ್ತಿರ. ಬ್ಯಾಟರಿ ಟರ್ಮಿನಲ್ ಸಡಿಲ ಇದ್ದು ಅಲ್ಲಿ ಬರೀ 0.01 ಓಮ್ ರೋಧ ಇದ್ದರೂ 0.4 ವೋಲ್ಟ್ ಅಲ್ಲೇ ಬೀಳುತ್ತದೆ, 16 ವಾಟ್ ಬಿಸಿ ಆ ಒಂದು ನಟ್ಟಿನಲ್ಲಿ. ವೋಲ್ಟ್ ಮೋಡ್‌ನಲ್ಲಿ ಒಂದು ಪ್ರೋಬ್ ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದು ವೈರಿನ ಲಗ್ಗಿಗೆ ಇಟ್ಟು ಈ ಬೀಳುವ ವೋಲ್ಟ್ ನೋಡಬಹುದು, ಆಂಪ್ ಮಾತ್ರ ಈ ಮೀಟರಿನಿಂದ ಸಿಗೋದಿಲ್ಲ. ಮನೇಲಿ ಯುಪಿಎಸ್ ಅಥವಾ ಸೋಲಾರ್ ಇದ್ದರೆ ಇನ್ನೊಂದಷ್ಟು ದುಡ್ಡು ಸೇರಿಸಿ ಎಸಿ, ಡಿಸಿ ಎರಡೂ ಆಂಪ್ ಓದುವ ಕ್ಲಾಂಪನ್ನೇ ಕೇಳಿ. ಡಬ್ಬಿ ಮೇಲೆ ಡಿಸಿ ವೋಲ್ಟ್ ಎಲ್ಲದರಲ್ಲೂ ಬರೆದಿರುತ್ತದೆ, ಡಿಸಿ ಆಂಪ್ ಅಂತ ಇದೆಯಾ ಅನ್ನೋದನ್ನೇ ಹುಡುಕಿ, ಅಂಗಡಿಯಲ್ಲೇ ಒಂದು ಬ್ಯಾಟರಿ ವೈರಿಗೆ ಹಾಕಿ ನೋಡಿ ದುಡ್ಡು ಕೊಡಿ.